ರೈತನ ಮಗ ಗ್ರೆಗರ್ ಮೆಂಡೆಲ್

ಮಹಾಪುರುಷರ ಜೀವನಚರಿತ್ರೆಯನ್ನು ಬರೆಯಹೊರಟವರು ದೊರೆಗಳನ್ನೋ, ದೇಶಭಕ್ತರನ್ನೋ, ಸಂತರನ್ನೋ ಆರಿಸಿಕೊಳ್ಳುವುದು ವಾಡಿಕೆ. ಹಾವೇರಿ ಜಿಲ್ಲೆಯವರಾದ ನಮಗೆ ಇಂತಹ ಮಹನೀಯರ ಕೊರತೆಯಿಲ್ಲ. ಕಾಗಿನೆಲೆಯ ಕನಕದಾಸರು, ಶಿಶುನಾಳದ ಶರೀಫರು, ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು, ಇವರೆಲ್ಲ ನಮ್ಮ ನೆಲದವರೇ. ಹೀಗಿರುವಾಗ ಏಳು ಸಮುದ್ರಗಳಾಚೆಯ ಒಬ್ಬ ಪಾದ್ರಿಯ ಕಥೆಯನ್ನು, ಅದೂ ಬಟಾಣಿ ಗಿಡಗಳನ್ನೆಣಿಸುತ್ತ ಎಂಟು ವರ್ಷ ಕಳೆದವನ ಕಥೆಯನ್ನು, ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ಬರೆಯುವುದೇಕೆಂದು ವಾಚಕರು ಕೇಳಬಹುದು. ಅದಕ್ಕೆ ಎರಡು ಕಾರಣಗಳುಂಟು. ರಾಣೇಬೆನ್ನೂರಿನ ಹತ್ತಿಯ ಹೊಲದಲ್ಲಾಗಲಿ, ಕಾಸರಗೋಡಿನ ತೆಂಗಿನ ತೋಟದಲ್ಲಾಗಲಿ ಇಂದು ನಡೆಯುವ ತಳಿ ಸುಧಾರಣೆಯ ಕೆಲಸಕ್ಕೆಲ್ಲ ಆತನೇ ಮೂಲಪುರುಷ ಎಂಬುದು ಮೊದಲನೆಯದು. ಆತನು ವಿದ್ಯೆಗಾಗಿ ಪಟ್ಟ ಪಾಡು ನಮ್ಮ ಕಾಲೇಜಿನ ಬೆಂಚುಗಳ ಮೇಲೆ ಕುಳಿತಿರುವ ಎಷ್ಟೋ ಮಂದಿಯ ಪಾಡೇ ಎಂಬುದು ಎರಡನೆಯದು.

೧೮೨೨ನೆಯ ಇಸವಿಯ ಜುಲೈ ತಿಂಗಳಲ್ಲಿ, ಆಗಿನ ಆಸ್ಟ್ರಿಯ ಸಾಮ್ರಾಜ್ಯಕ್ಕೆ ಸೇರಿದ್ದ ಸಿಲೇಸಿಯ ಪ್ರಾಂತ್ಯದ ಒಂದು ಸಣ್ಣ ಹಳ್ಳಿಯಲ್ಲಿ ಯೋಹಾನ್ ಮೆಂಡೆಲನು ಹುಟ್ಟಿದನು. ಆ ಹಳ್ಳಿ ಇಂದು ಚೆಕ್ ಗಣರಾಜ್ಯದಲ್ಲಿದೆ. ತಂದೆ ಆಂಟನ್ ಸಾಧಾರಣ ರೈತ. ಉಳುವ ಹೊಲ ತನ್ನದಾದರೂ ಮೈ ಪೂರ್ತಿ ತನ್ನದಲ್ಲ. ವಾರದಲ್ಲಿ ಮೂರು ದಿನ ಜಹಗೀರುದಾರನ ಕೆಲಸಕ್ಕೆ ಬಿಟ್ಟಿ ದುಡಿಯಬೇಕಿತ್ತು. ಉಳಿದ ದಿನಗಳಲ್ಲಿ ತನ್ನ ಹೊಲ, ತನ್ನ ಹಣ್ಣಿನ ಗಿಡಗಳು. ಆಂಟನನಿಗೆ ಕಸಿ ಕಟ್ಟುವ ಹವ್ಯಾಸವಿತ್ತು. ಆ ವಿದ್ಯೆಯ ಮೊದಲ ಪಾಠ ಮಗನಿಗೆ ಮನೆಯ ಹಿತ್ತಿಲಲ್ಲಿಯೇ ಆಯಿತು. ವೆರೋನಿಕಾ ಎಂಬ ಅಕ್ಕ, ಥೆರೇಸಿಯಾ ಎಂಬ ತಂಗಿ. ನಡುವೆ ಇದ್ದೊಬ್ಬ ಗಂಡುಮಗ ಯೋಹಾನ್. ಹೊಲ ಅವನಿಗೇ ಸೇರತಕ್ಕದ್ದೆಂದು ಎಲ್ಲರೂ ನಂಬಿದ್ದರು.

ಆದರೆ ಹುಡುಗನ ಬುದ್ಧಿ ಚುರುಕಾಗಿತ್ತು. ಊರ ಶಾಲೆಯ ಮಾಸ್ತರರು ತಂದೆತಾಯಿಗಳಿಗೆ ಹೇಳಿ ಒಪ್ಪಿಸಿ, ಹನ್ನೊಂದನೆಯ ವಯಸ್ಸಿನಲ್ಲಿ ಅವನನ್ನು ಪರವೂರಿನ ಶಾಲೆಗೆ ಕಳುಹಿಸಿದರು. ಮರುವರ್ಷ ಟ್ರೊಪ್ಪಾವ್ ಎಂಬ ಪಟ್ಟಣದ ಪ್ರೌಢಶಾಲೆಗೆ. ಅಲ್ಲಿ ಪೂರ್ತಿ ಊಟದ ಹಣ ಕಟ್ಟಲು ಮನೆಯವರಿಗೆ ಶಕ್ತಿಯಿರಲಿಲ್ಲ. ಅರ್ಧ ಊಟದ ಲೆಕ್ಕದಲ್ಲಿ ಹುಡುಗನನ್ನು ಇರಿಸಿದರು. ಊರಿನಿಂದ ಬಂಡಿಯವರು ಬರುವಾಗ ಮನೆಯ ರೊಟ್ಟಿ ಬೆಣ್ಣೆ ಅವರ ಕೈಯಲ್ಲಿ ಬರುತ್ತಿತ್ತು. ಬೆಳಗಿನ ಮೊದಲ ಬಸ್ಸಿನ ಡ್ರೈವರನ ಪಕ್ಕದಲ್ಲಿ ಬುತ್ತಿಯ ಡಬ್ಬಿಗಳು ಸಾಲಾಗಿ ಬಂದಿಳಿಯುವುದನ್ನು ಕಂಡ ನಮಗೆ, ಈ ಸಂಗತಿಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಹದಿನಾರನೆಯ ವರ್ಷದಲ್ಲಿ ಕಷ್ಟ ಇಮ್ಮಡಿಯಾಯಿತು. ೧೮೩೮ರಲ್ಲಿ, ಕಾಡಿನಲ್ಲಿ ಬಿಟ್ಟಿ ಕೆಲಸ ಮಾಡುತ್ತಿದ್ದಾಗ ಮರದ ದಿಮ್ಮಿಯೊಂದು ಉರುಳಿ ತಂದೆಯ ಎದೆಗೆ ಪೆಟ್ಟಾಯಿತು. ಆ ಮನುಷ್ಯ ಮತ್ತೆ ಮೊದಲಿನಂತೆ ದುಡಿಯಲಾರದೆ ಹೋದನು. ಮಗ ಮನೆಪಾಠ ಹೇಳಿ ತನ್ನ ಖರ್ಚನ್ನು ತಾನೇ ನೋಡಿಕೊಳ್ಳಬೇಕಾಯಿತು. ಚಿಂತೆಯಿಂದ, ಅರೆಹೊಟ್ಟೆಯಿಂದ ಕಾಯಿಲೆ ಬಿದ್ದನು. ಓದು ತಿಂಗಳುಗಟ್ಟಲೆ ನಿಂತಿತು. ಕೊನೆಗೆ ಹೊಲ ಅಕ್ಕನ ಗಂಡನ ಪಾಲಾಯಿತು. ಕಾಲೇಜು ವ್ಯಾಸಂಗ ಅರ್ಧಕ್ಕೇ ನಿಲ್ಲುವುದರಲ್ಲಿತ್ತು. ಆಗ ಮುಂದೆ ಬಂದವಳು ತಂಗಿ ಥೆರೇಸಿಯಾ. ತನ್ನ ಮದುವೆಗೆಂದು ತೆಗೆದಿರಿಸಿದ್ದ ಹಣದಲ್ಲಿ ಒಂದು ಭಾಗವನ್ನು ಅಣ್ಣನ ಓದಿಗೆ ಬಿಟ್ಟುಕೊಟ್ಟಳು. ಜಗತ್ತಿನ ವಿಜ್ಞಾನದ ಇತಿಹಾಸದಲ್ಲಿ ಈ ಹೆಣ್ಣುಮಗಳ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದವರು ಕಡಿಮೆ. ಆದರೆ ಆಕೆ ಅಂದು ಕೈ ಹಿಡಿಯದಿದ್ದರೆ ಮುಂದಿನ ಕಥೆಯೇ ಇಲ್ಲ.

ಓದು ಮುಗಿದ ಮೇಲೂ ಹೊಟ್ಟೆಯ ಚಿಂತೆ ಮುಗಿಯಲಿಲ್ಲ. ಭೌತಶಾಸ್ತ್ರದ ಗುರುಗಳೊಬ್ಬರ ಶಿಫಾರಸಿನಿಂದ ೧೮೪೩ರಲ್ಲಿ ಬ್ರನೋ ನಗರದ ಸೇಂಟ್ ಥಾಮಸ್ ಮಠವನ್ನು ಸೇರಿದನು. ಅಲ್ಲಿ ಅವನಿಗಿಟ್ಟ ಹೆಸರೇ ಗ್ರೆಗರ್. ಬಡ ಹುಡುಗರಿಗೆ ಅನ್ನ, ವಸತಿ, ವಿದ್ಯೆ ಮೂರನ್ನೂ ಕೊಟ್ಟ ಮಠಗಳನ್ನು ನಾವು ನಮ್ಮ ಕಡೆಯಲ್ಲೂ ಬಲ್ಲೆವು. ಬ್ರನೋದ ಮಠವೂ ಅಂತಹುದೇ. ಅದರ ಮಠಾಧಿಪತಿ ಸಿರಿಲ್ ನಾಪ್ ವಿದ್ಯಾಪಕ್ಷಪಾತಿ. ಕುರಿ, ದ್ರಾಕ್ಷಿ, ಹಣ್ಣಿನ ತಳಿಗಳ ಸುಧಾರಣೆಯಲ್ಲಿ ಆತನಿಗೆ ತುಂಬ ಆಸಕ್ತಿಯಿತ್ತು. ರೋಗಿಗಳ ಹಾಸಿಗೆಯ ಬಳಿ ನಿಂತು ಅವರ ನರಳಾಟ ನೋಡುವ ಪಾದ್ರಿಯ ಕರ್ತವ್ಯ ಈ ಯುವಕನ ಮೃದು ಮನಸ್ಸಿಗೆ ಒಗ್ಗಲಿಲ್ಲವೆಂದು ಅರಿತ ನಾಪ್, ೧೮೪೯ರಲ್ಲಿ ಅವನನ್ನು ಶಾಲೆಯೊಂದಕ್ಕೆ ಬದಲಿ ಶಿಕ್ಷಕನನ್ನಾಗಿ ಕಳುಹಿಸಿದನು. ಪಾಠ ಹೇಳುವುದರಲ್ಲಿ ಮೆಂಡೆಲನು ಎತ್ತಿದ ಕೈ. ಆದರೆ ಕಾಯಂ ಶಿಕ್ಷಕನಾಗಲು ಸರಕಾರದ ಪರೀಕ್ಷೆ ಪಾಸಾಗಬೇಕಲ್ಲ! ೧೮೫೦ರಲ್ಲಿ ಕುಳಿತನು; ನಪಾಸಾದನು. ಮಠದ ಖರ್ಚಿನಲ್ಲಿ ೧೮೫೧ರಿಂದ ೧೮೫೩ರವರೆಗೆ ವಿಯೆನ್ನ ವಿಶ್ವವಿದ್ಯಾಲಯದಲ್ಲಿ ಓದಿ ಬಂದು, ೧೮೫೬ರಲ್ಲಿ ಮತ್ತೆ ಹೋದನು. ಈ ಸಲ ನಡುವೆಯೇ ಅಸ್ವಸ್ಥನಾಗಿ ಹಿಂದಿರುಗಿದನು. ಮತ್ತೆ ಪ್ರಯತ್ನಿಸಲಿಲ್ಲ. ಹೀಗೆ, ಮುಂದೆ ಜೀವವಿಜ್ಞಾನದ ಪಠ್ಯಪುಸ್ತಕಗಳಿಗೆಲ್ಲ ಒಂದು ಅಧ್ಯಾಯವಾದವನು, ಜೀವಮಾನದಲ್ಲಿ ಆ ವಿಷಯ ಬೋಧಿಸುವ ಸರ್ಟಿಫಿಕೇಟನ್ನು ಪಡೆಯಲೇ ಇಲ್ಲ.

ಆದರೂ ವಿಯೆನ್ನದ ವಾಸ ವ್ಯರ್ಥವಾಗಲಿಲ್ಲ. ಅಲ್ಲಿ ಡಾಪ್ಲರ್ ಎಂಬ ಭೌತವಿಜ್ಞಾನಿಯಿಂದ ಪ್ರಯೋಗದ ಶಿಸ್ತನ್ನೂ, ಉಂಗರ್ ಎಂಬ ಸಸ್ಯವಿಜ್ಞಾನಿಯಿಂದ ಗಿಡಗಳ ಶಾಸ್ತ್ರವನ್ನೂ ಕಲಿತಿದ್ದನು. ಮೆಂಡೆಲನು ಗಿಡಗಳ ಪ್ರಶ್ನೆಗೆ ಗಣಿತದ ಕೀಲಿಕೈ ಹಾಕಿದ್ದರ ಗುಟ್ಟು ಇಲ್ಲಿದೆ.

ಪ್ರಶ್ನೆಯಾದರೂ ಏನು? ಒಳ್ಳೆಯ ಬೀಜದಿಂದ ಒಳ್ಳೆಯ ಬೆಳೆ ಬರುತ್ತದೆಂಬುದು ರೈತನಿಗೆ ಅನಾದಿಯಿಂದ ಗೊತ್ತು. ನಮ್ಮ ಬ್ಯಾಡಗಿ ಮೆಣಸಿನಕಾಯಿಯನ್ನೇ ನೋಡಿರಿ. ಕಡುಗೆಂಪಾಗಿ, ಉದ್ದವಾಗಿ, ಮೈಯೆಲ್ಲ ಸುಕ್ಕಾದ ಕಾಯಿಗಳನ್ನು ಆರಿಸಿ ಬೀಜಕ್ಕಿಟ್ಟವರು ನಮ್ಮ ಹಿರಿಯರೇ. ೨೦೧೧ರಲ್ಲಿ ಆ ಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆದರೆ ಅಜ್ಜನ ಮೂಗು ಮಗನಲ್ಲಿ ಕಾಣದೆ ಮೊಮ್ಮಗನಲ್ಲಿ ಕಾಣುವುದೇಕೆ? ಒಂದು ತಲೆಮಾರಿನಲ್ಲಿ ಮಾಯವಾದ ಗುಣ ಮುಂದಿನದರಲ್ಲಿ ಮರಳಿ ಬರುವುದೇಕೆ? ಇದಕ್ಕೆ ಆಗ ಯಾರ ಬಳಿಯೂ ಸರಿಯಾದ ಉತ್ತರವಿರಲಿಲ್ಲ. ಹಾಲಿಗೆ ನೀರು ಬೆರೆತಂತೆ ತಂದೆತಾಯಿಗಳ ಗುಣಗಳು ಬೆರೆತುಹೋಗುತ್ತವೆಂದೇ ಬಹುಮಂದಿ ತಿಳಿದಿದ್ದರು.

ಮೆಂಡೆಲನು ೧೮೫೬ರಲ್ಲಿ ಮಠದ ಕೈತೋಟದಲ್ಲಿ ಕೆಲಸಕ್ಕೆ ತೊಡಗಿದನು. ಅದು ಸುಮಾರು ಮೂವತ್ತೈದು ಮೀಟರು ಉದ್ದ, ಏಳು ಮೀಟರು ಅಗಲದ ಒಂದು ತುಂಡು ನೆಲ. ಮೊದಲು ಮೂವತ್ತನಾಲ್ಕು ಬಗೆಯ ಬಟಾಣಿಗಳನ್ನು ತಂದು ಎರಡು ವರ್ಷ ಬೆಳೆದು, ಬೀಜ ಬೆರಕೆಯಾಗದೆ ಶುದ್ಧವಾಗಿ ಬರುವ ಇಪ್ಪತ್ತೆರಡನ್ನು ಆರಿಸಿಕೊಂಡನು. ಕಾಳು ಗುಂಡೋ ಸುಕ್ಕೋ, ಹಳದಿಯೋ ಹಸಿರೋ, ಗಿಡ ಎತ್ತರವೋ ಗಿಡ್ಡವೋ, ಹೀಗೆ ಏಳು ಸ್ಪಷ್ಟ ಲಕ್ಷಣಗಳನ್ನು ಮಾತ್ರ ಗಮನಿಸಿದನು. ಹೂವು ಅರಳುವ ಮೊದಲೇ ಮೊಗ್ಗನ್ನು ಬಿಡಿಸಿ, ಚಿಮಟದಿಂದ ಕೇಸರಗಳನ್ನು ಕಿತ್ತು, ಬೇರೆ ಗಿಡದ ಪರಾಗವನ್ನು ತಂದು ಲೇಪಿಸಿ, ಮೇಲೆ ಚೀಲ ಕಟ್ಟುತ್ತಿದ್ದನು.

ಈ ಕೆಲಸ ನಮ್ಮವರಿಗೆ ಹೊಸದಲ್ಲ. ರಾಣೇಬೆನ್ನೂರು, ಹಾವೇರಿ ತಾಲ್ಲೂಕುಗಳಲ್ಲಿ ಹತ್ತಿಯ ಬೀಜೋತ್ಪಾದನೆಯ ಹೊಲಗಳಲ್ಲಿ ಹೆಣ್ಣುಮಕ್ಕಳು ಮಾಡುವ ಕ್ರಾಸಿಂಗ್ ಕೆಲಸ ಇದೇ. ಮಧ್ಯಾಹ್ನದ ಮೇಲೆ ಹೆಣ್ಣು ಸಾಲಿನ ಮೊಗ್ಗುಗಳ ಕೇಸರ ತೆಗೆಯುವುದು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಮುಟ್ಟಿಸುವುದು. ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ೧೯೭೨ರಲ್ಲಿ ಹೊರತಂದ ವರಲಕ್ಷ್ಮಿ ಎಂಬ ಸಂಕರ ಹತ್ತಿಯ ಹೆಸರನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ನನ್ನ ಅಕ್ಕ ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಈ ಕ್ರಾಸಿಂಗ್ ಕೆಲಸಕ್ಕೇ ಹೋದಳು. ಮೆಂಡೆಲನ ಪ್ರಯೋಗದ ವರ್ಣನೆಯನ್ನು ನಾನು ಓದಿ ಹೇಳಿದಾಗ, ಮೊಗ್ಗು ಯಾವ ಹೊತ್ತಿನಲ್ಲಿ ಬಿಡಿಸಬೇಕು, ಉಗುರು ತಾಗಿದರೆ ಕಾಯಿ ಹೇಗೆ ಉದುರುತ್ತದೆ ಎಂಬುದನ್ನು ಆಕೆ ಪುಸ್ತಕಕ್ಕಿಂತ ಚೆನ್ನಾಗಿ ವಿವರಿಸಿದಳು. ಆಕೆಗೆ ತಿಳಿಯದಿದ್ದುದು ಒಂದೇ: ಹಾಗೇಕೆ ಮಾಡಬೇಕು ಎಂಬುದು. ಅದನ್ನು ಆಕೆಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ.

ಮೆಂಡೆಲನಿಗೆ ಕಂಡ ಉತ್ತರ ಹೀಗಿದೆ. ಎತ್ತರದ ಗಿಡಕ್ಕೂ ಗಿಡ್ಡ ಗಿಡಕ್ಕೂ ಸಂಕರ ಮಾಡಿದಾಗ ಹುಟ್ಟಿದ ಮೊದಲ ಪೀಳಿಗೆಯೆಲ್ಲ ಎತ್ತರವೇ; ಗಿಡ್ಡತನ ಹೇಳಹೆಸರಿಲ್ಲ. ಆ ಗಿಡಗಳ ಬೀಜವನ್ನು ಮತ್ತೆ ಬಿತ್ತಿದಾಗ ೧೦೬೪ ಗಿಡಗಳಲ್ಲಿ ೭೮೭ ಎತ್ತರ, ೨೭೭ ಗಿಡ್ಡ. ಕಾಳುಗಳ ಲೆಕ್ಕದಲ್ಲಿ ೫೪೭೪ ಗುಂಡು, ೧೮೫೦ ಸುಕ್ಕು. ಏಳು ಲಕ್ಷಣಗಳಲ್ಲಿಯೂ ಮೂರಕ್ಕೆ ಒಂದರ ಆಸುಪಾಸಿನ ಪ್ರಮಾಣವೇ. ಎಂದರೆ ಗುಣಗಳು ಹಾಲುನೀರಿನಂತೆ ಬೆರೆಯುವುದಿಲ್ಲ. ಜೋಳದ ರಾಶಿಯಲ್ಲಿ ಬಿದ್ದ ಕಡಲೆಯಂತೆ ಬಿಡಿಬಿಡಿಯಾಗಿಯೇ ಉಳಿಯುತ್ತವೆ. ಪ್ರತಿಯೊಂದು ಗುಣಕ್ಕೂ ತಾಯಿಯಿಂದ ಒಂದು ಅಂಶ, ತಂದೆಯಿಂದ ಒಂದು ಅಂಶ. ಒಂದು ಮೇಲೆದ್ದು ಕಾಣುತ್ತದೆ, ಇನ್ನೊಂದು ಅಡಗಿ ಕೂಡುತ್ತದೆ. ಅಡಗಿದ್ದು ಅಳಿದದ್ದಲ್ಲ, ಜೊತೆ ಸಿಕ್ಕಾಗ ಮತ್ತೆ ತಲೆಯೆತ್ತುತ್ತದೆ. ಸಂಕರ ಹತ್ತಿಯ ಬೀಜವನ್ನು ಪ್ರತಿವರ್ಷ ಹೊಸದಾಗಿ ಕೊಳ್ಳಬೇಕಾಗುವುದೇಕೆ, ಮನೆಯಲ್ಲಿ ಉಳಿಸಿ ಬಿತ್ತಿದರೆ ಬೆಳೆ ಒಡೆದುಹೋಗುವುದೇಕೆ ಎಂಬುದಕ್ಕೂ ಇಲ್ಲಿಯೇ ಉತ್ತರವುಂಟು.

ಎಂಟು ವರ್ಷ, ಸುಮಾರು ಇಪ್ಪತ್ತೆಂಟು ಸಾವಿರ ಗಿಡಗಳು! ಈ ಶ್ರಮದ ಫಲವನ್ನು ಮೆಂಡೆಲನು ೧೮೬೫ರ ಫೆಬ್ರುವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಬ್ರನೋದ ನಿಸರ್ಗವಿಜ್ಞಾನ ಸಂಘದಲ್ಲಿ ಓದಿದನು. ಸಭಿಕರು ಕೇಳಿದರು, ಎದ್ದು ಹೋದರು. ಮರುವರ್ಷ ಲೇಖನ ಅಚ್ಚಾಯಿತು. ನಲವತ್ತು ಬಿಡಿಪ್ರತಿಗಳನ್ನು ತರಿಸಿಕೊಂಡು ಹಲವು ಪಂಡಿತರಿಗೆ ಕಳುಹಿಸಿದನು. ಮ್ಯೂನಿಕ್ಕಿನ ನೇಗೆಲಿ ಎಂಬ ಪ್ರಖ್ಯಾತ ಪ್ರಾಧ್ಯಾಪಕನೊಡನೆ ಪತ್ರವ್ಯವಹಾರ ನಡೆಯಿತಾದರೂ ಆತನಿಗೆ ಇದರ ಬೆಲೆ ತಿಳಿಯಲಿಲ್ಲ. ಆತನ ಆಸಕ್ತಿಯ ಗಿಡವಾದ ಹಾಕ್‌ವೀಡ್ ಎಂಬುದರ ಮೇಲೆ ಮೆಂಡೆಲನು ವರ್ಷಗಟ್ಟಲೆ ಕಣ್ಣು ನೋಯಿಸಿಕೊಂಡು ದುಡಿದನು. ದುರ್ದೈವವೆಂದರೆ, ಆ ಗಿಡ ಬಹುಮಟ್ಟಿಗೆ ಪರಾಗಸ್ಪರ್ಶವಿಲ್ಲದೆಯೇ ಬೀಜ ಕಟ್ಟುವಂಥದು. ಅದರಲ್ಲಿ ಬಟಾಣಿಯ ಲೆಕ್ಕ ಕೂಡುವುದೆಂತು?

೧೮೬೮ರಲ್ಲಿ ಮೆಂಡೆಲನು ಮಠಾಧಿಪತಿಯಾದನು. ಮುಂದೆ ಮಠದ ಆಡಳಿತ, ಜೇನುಸಾಕಣೆ, ಹವಾಮಾನದ ದಾಖಲೆ, ಮಠಗಳ ಮೇಲೆ ಹೇರಿದ ಹೊಸ ತೆರಿಗೆಯ ವಿರುದ್ಧ ಸರಕಾರದೊಡನೆ ದೀರ್ಘ ವ್ಯಾಜ್ಯ, ಇವುಗಳಲ್ಲಿ ಆಯುಷ್ಯ ಸವೆಯಿತು. ೧೮೮೪ರ ಜನವರಿ ೬ರಂದು ತೀರಿಕೊಂಡನು. ಊರವರು ಒಬ್ಬ ದಯಾಳು ಗುರುವಿಗಾಗಿ ಮರುಗಿದರೇ ಹೊರತು ವಿಜ್ಞಾನಿಗಾಗಿ ಅಲ್ಲ. ಆತನ ಖಾಸಗಿ ಕಾಗದಪತ್ರಗಳು ಬೆಂಕಿಯ ಪಾಲಾದವು.

ಅಡಗಿದ ಗುಣ ಮರಳಿ ಕಾಣಿಸಿಕೊಳ್ಳುತ್ತದೆಂದು ತೋರಿಸಿದವನ ಲೇಖನವೂ ಮೂವತ್ತನಾಲ್ಕು ವರ್ಷ ಅಡಗಿದ್ದು ಹೊರಬಂದಿತು. ೧೯೦೦ರಲ್ಲಿ ಡಿ ವ್ರೀಸ್, ಕೊರೆನ್ಸ್, ಚೆರ್ಮಾಕ್ ಎಂಬ ಮೂವರು ಸಸ್ಯವಿಜ್ಞಾನಿಗಳು ತಾವು ತಾವೇ ನಡೆಸಿದ ಪ್ರಯೋಗಗಳ ಕೊನೆಗೆ ಈ ಹಳೆಯ ಲೇಖನಕ್ಕೆ ಬಂದು ಮುಟ್ಟಿದರು. ಅಲ್ಲಿಂದ ಮುಂದೆ ಮೆಂಡೆಲನ ಹೆಸರು ದೇಶದೇಶಗಳಿಗೆ ಹರಡಿತು. ಕನ್ನಡ ಕರಾವಳಿಗೂ ಬಂದಿತು.

ಆಗ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡಿನಲ್ಲಿಯೂ, ಸಮೀಪದ ನೀಲೇಶ್ವರದಲ್ಲಿಯೂ ೧೯೧೬ರಲ್ಲಿ ತೆಂಗಿನ ಸಂಶೋಧನಾ ಕೇಂದ್ರಗಳು ಆರಂಭವಾದವು. ಎತ್ತರದ ತೆಂಗಿಗೂ ಗಿಡ್ಡ ತೆಂಗಿಗೂ ಕೈಯಿಂದ ಪರಾಗಸ್ಪರ್ಶ ಮಾಡಿಸಿ ೧೯೩೨ರಲ್ಲಿ ನೀಲೇಶ್ವರದಲ್ಲಿ ಮೊದಲ ಸಂಕರ ತೆಂಗನ್ನು ಪಡೆದವರು ಡಾ. ಜೆ. ಎಸ್. ಪಟೇಲರು. ಕಾಸರಗೋಡಿನ ಕೇಂದ್ರವೇ ೧೯೭೦ರಲ್ಲಿ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಕಿತ್ತಳೆ ಬಣ್ಣದ ಗಿಡ್ಡ ತಾಯಿಗೂ ಕರಾವಳಿಯ ಎತ್ತರದ ತಂದೆಗೂ ಹುಟ್ಟಿದ ಚಂದ್ರ ಸಂಕರ ಎಂಬ ತಳಿ ಅಲ್ಲಿಯದೇ.

ತೆಂಗಿನ ಕಷ್ಟ ಬಟಾಣಿಯ ಕಷ್ಟದಂತಲ್ಲ. ಬಟಾಣಿ ಮೂರು ತಿಂಗಳಲ್ಲಿ ಫಲ ತೋರಿಸುತ್ತದೆ. ಎತ್ತರದ ತೆಂಗು ಹೊಂಬಾಳೆ ಒಡೆಯಲು ಆರೇಳು ವರ್ಷ. ಮಾವಿನಂತೆ ಕಸಿ ಕಟ್ಟಲು ಬರುವುದಿಲ್ಲ, ಕಾಯಿಯಿಂದಲೇ ಸಸಿ ಆಗಬೇಕು. ಎತ್ತರದ ಮರ ಪರಕೀಯ ಪರಾಗಸ್ಪರ್ಶದ ಜಾತಿ. ಗಾಳಿ, ಜೇನು ಯಾವ ಮರದ ಪರಾಗ ತಂದವೋ ಬಲ್ಲವರಾರು? ತಾಯಿ ಗೊತ್ತು, ತಂದೆ ಗೊತ್ತಿಲ್ಲ. ನಮ್ಮ ಹೊಲದ ಬದುವಿನಲ್ಲಿ ಯಾರದೋ ಮಾತು ನಂಬಿ ಅಪ್ಪ ಹಚ್ಚಿದ ಹನ್ನೆರಡು ಸಸಿಗಳಲ್ಲಿ ಐದು ಮರಗಳು ಎಂಟು ವರ್ಷವಾದರೂ ಕಾಯಿ ಹಿಡಿಯಲಿಲ್ಲ. ಮೆಣಸಿನಕಾಯಿಯ ಬೀಜ ಕೆಟ್ಟರೆ ಒಂದು ಹಂಗಾಮು ಹೋಗುತ್ತದೆ. ತೆಂಗಿನ ಸಸಿ ಕೆಟ್ಟರೆ ಹೋಗುವುದು ಮಕ್ಕಳ ಶಾಲೆಯ ವರ್ಷಗಳು. ಆ ಫಸಲನ್ನು ನಂಬಿಕೊಂಡೇ ನಮ್ಮ ಮನೆಯಲ್ಲಿ ಇಬ್ಬರನ್ನೂ ಓದಿಸುವ ಲೆಕ್ಕವಿತ್ತು. ಲೆಕ್ಕ ತಪ್ಪಿದಾಗ ಒಬ್ಬರೇ ಓದುವಂತಾಯಿತು.

ಕಳೆದ ವರ್ಷ ಹೊಸ ಸಸಿ ತರಲು ಅಪ್ಪನೊಡನೆ ಸಸ್ಯಕ್ಷೇತ್ರವೊಂದಕ್ಕೆ ಹೋಗಿದ್ದೆ. ಕಿತ್ತಳೆ ಗಿಡ್ಡ ತಾಯಿಯ ಕಾಯಿಗಳಿಂದ ಎಬ್ಬಿಸಿದ ಸಸಿಗಳನ್ನು ಅಲ್ಲಿಯ ಕೆಲಸಗಾರರು ಗರಿಯ ತೊಟ್ಟಿನ ಬಣ್ಣ ನೋಡಿ ಎರಡು ಗುಂಪು ಮಾಡುತ್ತಿದ್ದರು. ತೊಟ್ಟು ಕಿತ್ತಳೆಯಾಗಿದ್ದರೆ ಆಚೆಗೆ. ಹಸಿರೋ ಕಂದೋ ಆಗಿದ್ದರೆ ಈಚೆಗೆ. ಇದರಲ್ಲಿ ಮೆಂಡೆಲನ ಶಾಸ್ತ್ರವಿದೆ. ಎಷ್ಟೇ ಎಚ್ಚರದಿಂದ ಗಂಡುಹೂ ತೆಗೆದು ಚೀಲ ಕಟ್ಟಿದರೂ, ಕೆಲವು ಕಾಯಿಗಳು ತಾಯಿಮರದ ಸ್ವಂತ ಪರಾಗದಿಂದಲೇ ಆಗಿಬಿಡುತ್ತವೆ. ಕಿತ್ತಳೆ ಬಣ್ಣ ಅಡಗುವ ಗುಣ. ಎತ್ತರದ ತಂದೆಯ ಅಂಶ ಸೇರಿದ್ದರೆ ಅದು ಮರೆಯಾಗಿ ಹಸಿರು ಇಲ್ಲವೆ ಕಂದು ಮೇಲೇಳುತ್ತದೆ. ತೊಟ್ಟು ಕಿತ್ತಳೆಯಾಗಿಯೇ ಉಳಿದಿದ್ದರೆ ಆ ಸಸಿ ಸಂಕರವಲ್ಲ. ಏಳು ವರ್ಷ ಕಾಯದೆ, ಮಡಿಯಲ್ಲಿರುವಾಗಲೇ ಕಣ್ಣಳತೆಯಲ್ಲಿ ತಿಳಿಯುವ ವಂಶದ ಗುರುತು ಇದು.

ಆದರೆ ತಾಯಿಯೇ ಹಸಿರು ಬಣ್ಣದ ಗಿಡ್ಡ ತಳಿಯಾದರೆ? ಆಗ ಸಂಕರವೂ ಹಸಿರು, ಸಂಕರವಲ್ಲದ್ದೂ ಹಸಿರು; ಕಣ್ಣು ಸೋಲುತ್ತದೆ. ಈ ತೊಡಕು ಕಾಲ್ಪನಿಕವಲ್ಲ. ಕೇರಳದ ತೋಟಗಳನ್ನು ಪೀಡಿಸುವ ಬೇರು ಸೊರಗು ರೋಗಕ್ಕೆ ಮದ್ದಿಲ್ಲ. ಅದನ್ನು ತಾಳಿಕೊಳ್ಳುವ ಶಕ್ತಿ ಹೆಚ್ಚಾಗಿ ಕಂಡುಬಂದದ್ದು ಚೌಘಾಟ್ ಹಸಿರು ಗಿಡ್ಡ ತಳಿಯಲ್ಲಿ. ಕಲ್ಪ ಸಂಕರ ಎಂಬ ತಳಿಗೆ ಅದೇ ತಾಯಿ. ಇಂತಹ ಕಡೆ ನೆರವಿಗೆ ಬರುವುದು ಜೀವಕೋಶದೊಳಗಿನ ಡಿ.ಎನ್.ಎ. ಎಂಬ ಉದ್ದನೆಯ ಎಳೆಯಲ್ಲಿರುವ ಗುರುತುಗಳು. ಆ ಎಳೆಯ ಬರವಣಿಗೆಗೆ ನಾಲ್ಕೇ ಅಕ್ಷರಗಳು. ಕೆಲವು ಜಾಗಗಳಲ್ಲಿ ಎರಡು ಮೂರು ಅಕ್ಷರಗಳ ತುಣುಕು ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಬರುತ್ತದೆಂಬುದು ತಳಿಯಿಂದ ತಳಿಗೆ ಬೇರೆ. ಸಸಿಯ ಎಲೆಯ ಚೂರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ತಾಯಿಯ ಎಣಿಕೆಯೂ ತಂದೆಯ ಎಣಿಕೆಯೂ ಎರಡೂ ಕಂಡರೆ ಅದು ಸಂಕರ. ತಾಯಿಯದೊಂದೇ ಕಂಡರೆ ಅಲ್ಲ. ತಾಯಿಯಿಂದೊಂದು, ತಂದೆಯಿಂದೊಂದು ಎಂಬ ಬಟಾಣಿಯ ಲೆಕ್ಕವೇ ಇದು. ಕಾಸರಗೋಡಿನ ಸಂಸ್ಥೆಯಲ್ಲಿ ಸಂಕರ ಸಸಿಗಳನ್ನು ಗುರುತಿಸಲು ಇಂತಹ ಪರೀಕ್ಷೆಗಳನ್ನು ರೂಪಿಸಿದ್ದಾರೆ. ರೋಗ ತಾಳುವ ಗುಣದ ಪಕ್ಕದಲ್ಲಿಯೇ ಇದ್ದು ಅದರ ಜೊತೆಗೇ ಮಕ್ಕಳಿಗೆ ಸಾಗಿಬರುವ ಗುರುತನ್ನು ಹಿಡಿದರೆ, ರೋಗ ಬರುವವರೆಗೆ ಕಾಯದೆ ಗಟ್ಟಿ ಸಸಿಯನ್ನು ಆರಿಸಬಹುದೆಂಬ ಆಸೆಯಿಂದ ಸಂಶೋಧನೆ ನಡೆದಿದೆ. ಇಳುವರಿಯಂತಹ ಗುಣಗಳ ಹಿಂದೆ ಹಲವಾರು ಅಂಶಗಳ ಕೈವಾಡವಿರುವುದರಿಂದ ಆ ಕೆಲಸ ಬಟಾಣಿಯಷ್ಟು ಸುಲಭವಲ್ಲ.

ಮೆಂಡೆಲನ ಜೀವನದಲ್ಲಿ ನಾನು ಬರೆಯದೆ ಉಳಿಸಿಕೊಂಡ ಒಂದು ಸಂಗತಿಯುಂಟು. ತಂಗಿ ಕೊಟ್ಟ ಹಣವನ್ನು ಆತನು ಮರೆಯಲಿಲ್ಲ. ಮಠಾಧಿಪತಿಯಾದ ಮೇಲೆ ಥೆರೇಸಿಯಾಳ ಮೂವರು ಗಂಡುಮಕ್ಕಳ ಓದಿನ ಖರ್ಚನ್ನು ತಾನು ಹೊತ್ತನು. ಅವರಲ್ಲಿ ಇಬ್ಬರು ವೈದ್ಯರಾದರು. ರೈತನ ಮನೆಯಲ್ಲಿ ಅಡಗಿದ್ದ ಬುದ್ಧಿ ಅಲ್ಲಿಯೂ ತಲೆಯೆತ್ತಿತು, ಅವಕಾಶ ಸಿಕ್ಕಿದ್ದರಿಂದ.

ನಮ್ಮ ಮನೆತನದಲ್ಲಿ ಪದವಿಯ ತರಗತಿಗೆ ಬಂದವನು ನಾನೇ ಮೊದಲಿಗ. ನನ್ನ ಫೀಜಿನಲ್ಲಿಯೂ ಪುಸ್ತಕದಲ್ಲಿಯೂ ಹತ್ತಿಯ ಹೊಲದ ದಿನಗೂಲಿ ಸೇರಿದೆ. ನನ್ನಂತಹ ಸಹಪಾಠಿಗಳು ಈ ಕಾಲೇಜಿನಲ್ಲಿ ಅನೇಕರಿದ್ದಾರೆ; ಅವರವರ ಮನೆಯಲ್ಲಿ ಒಬ್ಬೊಬ್ಬ ಥೆರೇಸಿಯಾ ಇದ್ದೇ ಇರುತ್ತಾಳೆ. ಮೆಂಡೆಲನಂತೆ ನಿಯಮಗಳನ್ನು ಕಂಡುಹಿಡಿಯುವುದು ಎಲ್ಲರಿಗೂ ಸಾಧ್ಯವಲ್ಲ. ಆದರೆ ತಂಗಿಯ ಋಣವನ್ನು ಆಕೆಯ ಮಕ್ಕಳ ವಿದ್ಯೆಯ ಮೂಲಕ ತೀರಿಸಿದನಲ್ಲ, ಅಷ್ಟನ್ನು ನಾವೂ ಮಾಡಬಹುದು. ಅಕ್ಕನ ಮಗಳು ಈಗ ನಾಲ್ಕನೆಯ ಇಯತ್ತೆಯಲ್ಲಿದ್ದಾಳೆ. ಏಳನೆಯದು ದಾಟಿ ಅವಳು ಎಷ್ಟು ಓದಬಲ್ಲಳೋ ಅಷ್ಟನ್ನೂ ಓದಲಿ. ಅದರ ಹೊಣೆ ನನ್ನದು.